ಕುತ್ತಿಗೆಗಿಂತ ಮೊದಲು ಆ ಒಂದು ಸಾಲಿನ ಮಾತು

ಪ್ರಶ್ನೆ: ನನಗೆ 47 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ. ಹುಡುಗಾಟದ ವಯಸ್ಸಿನಿಂದ ಆಟೋಕ್ರಾಸ್, ರ‍್ಯಾಲಿ ಅಂದರೆ ಹುಚ್ಚು. ಅದಕ್ಕೆಂದೇ ಹಳೆಯ ಜಿಪ್ಸಿ ಒಂದನ್ನು ಇಟ್ಟುಕೊಂಡಿದ್ದೇನೆ. ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು, ಗುಂಡಿ ಹೇಳುವ ನೋಟ್ಸ್ ಓದುವುದು ನನ್ನ ಭಾವ. ಕಳೆದ ಮಳೆಗಾಲದಿಂದ ಕುತ್ತಿಗೆ ನೋವು. ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ಎಂಆರ್‌ಐ ಮಾಡಿಸಿದಾಗ ಸಿ5–ಸಿ6, ಅಂದರೆ ಕುತ್ತಿಗೆಯ ಐದನೇ ಮತ್ತು ಆರನೇ ಮೂಳೆಗಳ, ನಡುವಿನ ಡಿಸ್ಕ್ ಉಬ್ಬಿದೆ ಅಂತ ಬಂತು. ಮಂಗಳೂರಿನ ಡಾಕ್ಟರು ‘ಇದೆಲ್ಲ ಬಿಟ್ಟುಬಿಡಿ’ ಅಂದರು. (ಆರು ವರ್ಷದಿಂದ ಶುಗರ್, ಬಿಪಿಗೆ ಮಾತ್ರೆ ಇದೆ, ಕಂಟ್ರೋಲಿನಲ್ಲಿದೆ, ಒಮ್ಮೆ ಮಾತ್ರ ಸ್ಟೇಜ್, ಅಂದರೆ ಸಮಯ ಅಳೆದು ಓಡಿಸುವ ರಸ್ತೆಯ ತುಂಡು, ಮುಗಿಯುವಾಗ ತುಂಬಾ ಬೆವರಿ ಸ್ವಲ್ಪ ಮಂಕಾದ ಹಾಗಾಗಿತ್ತು, ಬೊಂಡ ಕುಡಿದ ಮೇಲೆ ಸರಿಯಾಯಿತು.) ಮನೆಯಲ್ಲಿ ದಿನಾ ಜಗಳ. ನಾನು ನಿಜವಾಗಿ ಬಿಡಲೇಬೇಕಾ? (ಪತ್ರವನ್ನು ಚಿಕ್ಕದು ಮಾಡಿದ್ದೇವೆ.)

ಉತ್ತರ: ನಿಮ್ಮ ಪತ್ರದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕುತ್ತಿಗೆಯ ವಿಷಯ. ಬೆವರಿ ಮಂಕಾದ ಸಂಗತಿ ಒಂದೇ ಸಾಲು, ಅದೂ ಬ್ರ್ಯಾಕೆಟ್ಟಿನೊಳಗೆ. ನನ್ನ ಕಣ್ಣು ನಿಂತದ್ದು ಅಲ್ಲೇ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. ಕುತ್ತಿಗೆಗೂ ಬರುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ.

ಸ್ಟೀರಿಂಗ್ ಹಿಡಿಯುವವರ ಯಾವುದೇ ಕಾಯಿಲೆಯಲ್ಲಿ ನಾನು ಮೊದಲು ಕೇಳುವುದು ಒಂದು ಪ್ರಶ್ನೆ. ಇದು ನೋಯಿಸುವ ಕಾಯಿಲೆಯಾ, ಅಥವಾ ಹೇಳದೆ ಕೇಳದೆ ಕೈಕೊಡುವ ಕಾಯಿಲೆಯಾ? ನೋವು, ಬಿಗಿತ, ಜೋಮು ಸಾಮಾನ್ಯವಾಗಿ ಮುಂಚೆಯೇ ಸುಳಿವು ಕೊಡುತ್ತವೆ. ನೀವು ನಿಧಾನ ಮಾಡಬಹುದು, ಗಾಡಿ ಬದಿಗೆ ಹಾಕಬಹುದು. ಹೆಚ್ಚಿನ ನಷ್ಟ ನಿಮಗೇ. ಆದರೆ ಫಿಟ್ಸ್, ತಲೆ ತಿರುಗಿ ಬೀಳುವುದು, ಹೃದಯದ ಲಯ ತಪ್ಪುವುದು, ಶುಗರ್ ಏಕಾಏಕಿ ಇಳಿಯುವುದು, ಇವು ಆ ಅವಕಾಶ ಕೊಡುವುದಿಲ್ಲ. ಆಗ ಪಕ್ಕದಲ್ಲಿ ನಿಮ್ಮ ಭಾವ ಇರುತ್ತಾರೆ. ತಿರುವಿನಲ್ಲಿ ಮೊಬೈಲ್ ಹಿಡಿದು ನಿಂತ ಹುಡುಗರು ಇರುತ್ತಾರೆ.

ರೇಸಿನ ಲೋಕ ಮೊದಲನೆಯ ಥರದ ಕಷ್ಟಕ್ಕೆ ದಾರಿ ಹುಡುಕುವುದರಲ್ಲಿ ಬಹಳ ಗಟ್ಟಿ. ರಾಬರ್ಟ್ ಕುಬಿತ್ಸಾ ಅವರ ಬಲಗೈ 2011ರಲ್ಲಿ ಇಟಲಿಯ ಒಂದು ರ‍್ಯಾಲಿಯಲ್ಲಿ ಜಜ್ಜಿಹೋಗಿತ್ತು. ಆ ಕೈ ಮೊದಲಿನಂತೆ ಆಗಲೇ ಇಲ್ಲ. ಆದರೂ 2019ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದರು, 2025ರಲ್ಲಿ ಲೆ ಮಾನ್ 24 ಗಂಟೆಯ ರೇಸ್ ಗೆದ್ದ ತಂಡದಲ್ಲಿದ್ದರು. ಬೈಕ್ ರೇಸಿನ ಮಿಕ್ ಡೂಹನ್ 1992ರಲ್ಲಿ ಕಾಲು ಮುರಿದುಕೊಂಡರು. ಬಲಗಾಲಿನಿಂದ ಬ್ರೇಕ್ ಒತ್ತಲು ಆಗದೆ, ಹಿಂದಿನ ಚಕ್ರದ ಬ್ರೇಕನ್ನು ಎಡಗೈ ಹೆಬ್ಬೆರಳಿಗೆ ತಂದುಕೊಂಡರು. ಆಮೇಲೆ 1994ರಿಂದ 1998ರವರೆಗೆ ಸಾಲಾಗಿ ಐದು ವಿಶ್ವ ಪಟ್ಟ. ಕೈಕಾಲಿನ ತೊಂದರೆಗೆ ಲಿವರ್ ಬದಲಿಸಬಹುದು, ಸೀಟು ಬದಲಿಸಬಹುದು. ಎಚ್ಚರ ತಪ್ಪುವುದಕ್ಕೆ ಅಂಥ ಬಿಡಿಭಾಗ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ಈಗ ನೀವು ಪತ್ರದ ಜೊತೆ ಕಳಿಸಿದ ಡಾಕ್ಟರ ಚೀಟಿ ನೋಡೋಣ. ಶುಗರ್‌ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ಬಿಪಿಗೆ ಮೆಟೊಪ್ರೊಲಾಲ್, ಜೊತೆಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಝೈಡ್ ಇರುವ ಇನ್ನೊಂದು. ಗ್ಲಿಮೆಪಿರೈಡ್ ಸಲ್ಫೊನೈಲ್‌ಯೂರಿಯಾ ಗುಂಪಿನ ಮದ್ದು. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು ಅದರ ಕೆಲಸ. ನೀವು ಉಂಡಿದ್ದೀರೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಅಗ್ಗದ ಮದ್ದು, ಒಳ್ಳೆಯ ಮದ್ದು, ಲಕ್ಷಾಂತರ ಜನ ತೆಗೆದುಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುವವರಿಗೆ ತೊಂದರೆ ಕಡಿಮೆ.

ಆದರೆ ರ‍್ಯಾಲಿಯ ಬೆಳಗ್ಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕತ್ತಲಿರುವಾಗಲೇ ಏಳುವುದು. ಗಾಡಿ ತಪಾಸಣೆ ಮಾಡುವ ಸ್ಕ್ರೂಟಿನಿಯ ಸಾಲು, ಪೇಪರು, ಟೈರಿನ ಗಾಳಿ. ಒಂದು ಚಾ ಕುಡಿದು, ಅದರ ಜೊತೆ ಮಾತ್ರೆ ನುಂಗಿ, ‘ತಿಂಡಿ ಆಮೇಲೆ ನೋಡಿಕೊಳ್ಳೋಣ’ ಅನ್ನುವುದು. ಎರಡು–ಮೂರು ಗಂಟೆ ಕಳೆದು ಮಾತ್ರೆಯ ಜೋರು ಏರುವ ಹೊತ್ತಿಗೆ ಸರಿಯಾಗಿ ನೀವು ಬೆಂಕಿ ತಡೆಯುವ ದಪ್ಪ ಸೂಟು, ಬಾಲಕ್ಲಾವ, ಹೆಲ್ಮೆಟ್ ಹಾಕಿಕೊಂಡು ಎಸಿ ಇಲ್ಲದ ಗಾಡಿಯಲ್ಲಿ ಸ್ಟಾರ್ಟಿಗೆ ಕಾಯುತ್ತಿರುತ್ತೀರಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೂ ಇಲ್ಲ, ಸುಮ್ನೆ ಇಳಿದುಹೋಗುತ್ತದೆ. ಅದರ ಮೇಲೆ ಮೂತ್ರ ಜಾಸ್ತಿ ಮಾಡಿಸುವ ಹೈಡ್ರೋಕ್ಲೋರೋಥಯಾಝೈಡ್ ಬೇರೆ.

ಬೊಂಡ ಕುಡಿದು ಸರಿಯಾಯಿತು ಅಂದರೆ ಆವತ್ತು ನೀರು ಕಡಿಮೆಯಾಗಿದ್ದಿರಬಹುದು, ಶುಗರ್ ಇಳಿದಿದ್ದಿರಬಹುದು, ಎರಡೂ ಇರಬಹುದು. ಆ ಹೊತ್ತಿನಲ್ಲಿ ಬೆರಳು ಚುಚ್ಚಿ ನೋಡದೆ ಇದ್ದುದರಿಂದ ಇವತ್ತು ಯಾರೂ ಹೇಳಲಾರರು. ಆದರೆ ಈ ಮದ್ದು ಇರುವಾಗ ಶುಗರ್ ಇಳಿದದ್ದೇ ಅಂತ ಇಟ್ಟುಕೊಂಡು ಮುಂದೆ ಹೋಗುವುದು ಸರಿ.

ಮೆಟೊಪ್ರೊಲಾಲ್ ಬಗ್ಗೆ ಒಂದು ಮಾತು. ಅದು ಬೀಟಾ ಬ್ಲಾಕರ್. ಶುಗರ್ ಇಳಿದಾಗ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ನಮ್ಮನ್ನು ಎಚ್ಚರಿಸುವ ಗುರುತುಗಳು. ಈ ಮದ್ದು ಅವನ್ನು ಮುಚ್ಚಿಹಾಕುತ್ತದೆ. ಬೆವರು ಮಾತ್ರ ಉಳಿಯುತ್ತದೆ. ರೇಸ್ ಸೂಟಿನೊಳಗೆ ಬೆವರಿದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ?

ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಇಳಿದಿದೆ ಅಂತ ಲೆಕ್ಕ. 54ಕ್ಕಿಂತ ಕೆಳಗೆ ಹೋದರೆ ಮಿದುಳಿನ ಕೆಲಸವೇ ಎಡವುತ್ತದೆ. ತೊಂದರೆ ಏನೆಂದರೆ, ಆಗ ಮೊದಲು ಹೋಗುವುದು ನಿಮ್ಮ ತೀರ್ಮಾನದ ಶಕ್ತಿ. ‘ನನಗೇನೂ ಆಗಿಲ್ಲ’ ಅಂತ ಗಟ್ಟಿಯಾಗಿ ಹೇಳುವವರೇ ಜಾಸ್ತಿ. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾಮೂಲಿ ರಸ್ತೆಯಲ್ಲಿ ಗಾಡಿ ಓಡಿಸಲೂ ಒಂದು ಲೆಕ್ಕ ಹೇಳುತ್ತಾರೆ. ಹೊರಡುವ ಮುಂಚೆ ಸಕ್ಕರೆ ಸುಮಾರು 90 ಆದರೂ ಇರಬೇಕು, ಇಲ್ಲದಿದ್ದರೆ ಏನಾದರೂ ತಿನ್ನಬೇಕು. ಒಮ್ಮೆ ಇಳಿದರೆ, ಮತ್ತೆ ಸರಿಯಾದ ಮೇಲೂ 45 ನಿಮಿಷ ಸ್ಟೀರಿಂಗ್ ಮುಟ್ಟುವಂತಿಲ್ಲ. ಅದು ರಸ್ತೆಯ ಲೆಕ್ಕ. ಸ್ಟೇಜಿಗೆ ಅಷ್ಟು ಸಾಲದು. ಆವತ್ತು ಒಮ್ಮೆ ಇಳಿಯಿತು ಅಂದರೆ ಆವತ್ತಿನ ಓಟ ಮುಗಿಯಿತು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಶುಗರ್ ಇದ್ದವರು ರೇಸ್ ಮಾಡಬಾರದು ಅಂತಲ್ಲ. ಅಮೆರಿಕದ ಚಾರ್ಲಿ ಕಿಂಬಲ್ ಅವರಿಗೆ 2007ರಲ್ಲಿ ಟೈಪ್ 1 ಡಯಾಬಿಟಿಸ್ ಬಂತು. ದಿನಾ ಇನ್ಸುಲಿನ್ ಬೇಕಾದ ಕಾಯಿಲೆ. 2013ರಲ್ಲಿ ಮಿಡ್-ಒಹಾಯೋದಲ್ಲಿ ಇಂಡಿಕಾರ್ ರೇಸ್ ಗೆದ್ದರು. ಅವರು ಮಾಡಿದ್ದು ಇಷ್ಟು: ಮೈಗೆ ಅಂಟಿಸಿದ, ಸಕ್ಕರೆ ಅಳೆಯುವ ಸೆನ್ಸರಿನ ಅಂಕಿ ಗಾಡಿಯ ವೇಗ, ಆರ್‌ಪಿಎಂ ಜೊತೆಗೇ ಕಣ್ಣಿನ ಮುಂದೆ ಕಾಣುವಂತೆ ಇಟ್ಟುಕೊಂಡರು. ಹೆಲ್ಮೆಟ್ಟಿಗೆ ಬರುವ ಕುಡಿಯುವ ಕೊಳವೆಗೆ ಎರಡು ಬಾಟಲಿ ಜೋಡಿಸಿದರು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸಿಹಿ. ಅಂಕಿ ಇಳಿದರೆ ಸಿಹಿಯ ಬಾಟಲಿಗೆ ತಿರುಗಿಸುವುದು. ಅಂಥದ್ದನ್ನು ಜಿಪ್ಸಿಯಲ್ಲಿ ಮಾಡಿಕೊಳ್ಳುವುದು ದೊಡ್ಡ ವಿಷಯ ಅಲ್ಲ. ಪ್ಲಾಸ್ಟಿಕ್ ಕೊಳವೆ, ಎರಡು ಬಾಟಲಿ, ಒಂದು ವಾಲ್ವ್.

ನಿಮಗೆ ಇನ್ನೂ ಸುಲಭ, ಯಾಕೆಂದರೆ ನೀವು ಇನ್ಸುಲಿನ್‌ನಲ್ಲಿಲ್ಲ. ಶುಗರ್ ಇಳಿಸುವ ಮಾತ್ರೆಗಳಲ್ಲಿ ಬೇರೆ ಗುಂಪುಗಳಿವೆ. ಮೆಟ್‌ಫಾರ್ಮಿನ್ ಒಂದೇ ಆದರೆ, ಅಥವಾ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಥರದವು ಜೊತೆಗಿದ್ದರೆ, ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ತೀರಾ ಅಪರೂಪ. ಡಪಾಗ್ಲಿಫ್ಲೋಝಿನ್ ಗುಂಪೂ ಇದೆ, ಆದರೆ ಅದು ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಕಳೆಯುತ್ತದೆ. ಬೆವರಿ ಬಸವಳಿಯುವ ಆಟಕ್ಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನೀವೇ ಮಾತ್ರೆ ಬಿಡಬೇಡಿ, ಬದಲಿಸಬೇಡಿ. ಕಾಸರಗೋಡಿನ ಶುಗರ್ ಡಾಕ್ಟರ ಹತ್ತಿರ ಹೋಗಿ, ನೀವು ರ‍್ಯಾಲಿ ಓಡಿಸುವ ವಿಷಯವನ್ನು ಬಾಯಿಬಿಟ್ಟು ಹೇಳಿ. ಅವರಿಗೆ ಇದು ಗೊತ್ತೇ ಇಲ್ಲ ಅಂತ ನಿಮ್ಮ ಪತ್ರದಿಂದ ತಿಳಿಯಿತು. ಕುತ್ತಿಗೆಯ ಡಾಕ್ಟರು ಮಂಗಳೂರಿನಲ್ಲಿ, ಶುಗರ್ ಡಾಕ್ಟರು ಕಾಸರಗೋಡಿನಲ್ಲಿ. ತಲಪಾಡಿಯ ಆಚೆ ಒಂದು ಫೈಲು, ಈಚೆ ಒಂದು ಫೈಲು. ಗಡಿಯ ಹತ್ತಿರ ಇರುವ ನಮ್ಮವರಿಗೆಲ್ಲ ಇದೇ ಪಾಡು. ಎರಡೂ ಫೈಲನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಓಡಾಡುವ ಕೆಲಸ ನಿಮ್ಮದೇ.

ಓಟದ ದಿನಕ್ಕೆ ಕೆಲವು ಮಾತು. ಸೆನ್ಸರ್ ಹಾಕಿಕೊಂಡರೆ ಒಳ್ಳೆಯದೇ, ಆದರೆ ಅದು ಅಳೆಯುವುದು ಚರ್ಮದಡಿಯ ದ್ರವವನ್ನು. ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತದೆ. ಅಂಕಿ ಕೆಳಮುಖವಾಗಿದ್ದರೆ ಅದನ್ನು ನಂಬಿ ಸ್ಟಾರ್ಟ್ ಮಾಡಬೇಡಿ, ಬೆರಳು ಚುಚ್ಚಿ. ಸ್ಟಾರ್ಟ್ ಲೈನಿನಲ್ಲಿ 220 ತೋರಿಸಿದರೂ ಗಾಬರಿ ಬೇಡ. ಅಡ್ರಿನಲಿನ್ ಏರಿದಾಗ ಸಕ್ಕರೆಯೂ ಏರುತ್ತದೆ. ಅದಕ್ಕೆಂದು ಇನ್ನೊಂದು ಮಾತ್ರೆ ನುಂಗಿದರೆ ಆಟ ಮುಗಿದ ಮೇಲೆ ಧಡಕ್ಕನೆ ಇಳಿಯುತ್ತದೆ. ಇಳಿದಾಗ ಬೇಕಾದದ್ದು 15 ಗ್ರಾಂ ಗ್ಲೂಕೋಸ್. ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಬೊಂಡದಲ್ಲಿ ಸಕ್ಕರೆ ಎಷ್ಟಿದೆ ಅಂತ ಮರಕ್ಕೇ ಗೊತ್ತಿಲ್ಲ. ಚಾಕಲೇಟಿನ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಆ ಎರಡನ್ನೂ ನಂಬಬೇಡಿ. ರಾತ್ರಿ ಗೆದ್ದ ಖುಷಿಗೆ ಗುಂಡು ಹಾಕುವ ಅಭ್ಯಾಸ ಇದ್ದರೆ ಈ ಮಾತ್ರೆ ಇರುವವರೆಗೆ ಅದೂ ಬೇಡ. ಮದ್ಯ ಯಕೃತ್ತು ಸಕ್ಕರೆ ಬಿಡುವುದನ್ನು ತಡೆಯುತ್ತದೆ, ಬೆಳಗಿನ ಜಾವಕ್ಕೆ ಶುಗರ್ ಕುಸಿಯುತ್ತದೆ.

ಶುಗರ್ ಆರು ವರ್ಷದ್ದು ಆದ್ದರಿಂದ ಇನ್ನು ಮೂರು ಪರೀಕ್ಷೆ ಬಾಕಿ ಇವೆ. ಕಣ್ಣಿನ ರೆಟಿನಾ ನೋಡಿಸಿ. ಪಾದದ ಸ್ಪರ್ಶ ನೋಡಿಸಿ, ಪೆಡಲ್ ಎಷ್ಟು ಒತ್ತಿದೆ ಅಂತ ಹೇಳುವುದು ಪಾದವೇ ಅಲ್ವಾ. ಹೃದಯಕ್ಕೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಸ್ಟೇಜಿನಲ್ಲಿ ನಾಡಿ ನಿಮಿಷಕ್ಕೆ 150 ದಾಟುವುದು ಸಾಮಾನ್ಯ, ಶುಗರ್ ಇದ್ದವರಿಗೆ ಎದೆನೋವು ಇಲ್ಲದೆಯೂ ಹೃದಯದ ತೊಂದರೆ ಇರಬಹುದು.

ಇನ್ನು ಕುತ್ತಿಗೆ.

ಎಂಆರ್‌ಐ ವರದಿಯ ‘ಬಲ್ಜ್’ ನೋಡಿ ಎದೆಗುಂದಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,200ಕ್ಕೂ ಹೆಚ್ಚು ಜನರ ಕುತ್ತಿಗೆಯನ್ನು ಎಂಆರ್‌ಐ ಮಾಡಿ ನೋಡಿದ್ದರು. ಸುಮಾರು 88 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿತ್ತು. ಅದಕ್ಕೇ ಫಿಲ್ಮಿಗಿಂತ ನಿಮ್ಮ ಕೈ ಏನು ಹೇಳುತ್ತದೆ ಅನ್ನುವುದು ಮುಖ್ಯ. ಸಿ5–ಸಿ6ರಲ್ಲಿ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುವುದು ನಿಜ. ಆದರೆ ಮಣಿಕಟ್ಟಿನಲ್ಲಿ ನರ ಒತ್ತಿದರೂ, ಅಂದರೆ ಕಾರ್ಪಲ್ ಟನಲ್ ಆದರೂ, ಅವೇ ಬೆರಳುಗಳು. ಶುಗರ್ ಇದ್ದವರಲ್ಲಿ ಅದು ಜಾಸ್ತಿ. ರಾತ್ರಿ ಜೋಮಿನಿಂದ ಎಚ್ಚರವಾಗಿ ಕೈ ಕೊಡವಿದರೆ ಸರಿಹೋಗುತ್ತದಾ? ನಡುಬೆರಳೂ ಸೇರುತ್ತದಾ? ಹಾಗಿದ್ದರೆ ಮಣಿಕಟ್ಟಿನ ಮೇಲೆ ಅನುಮಾನ. ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಎಷ್ಟೋ ಜನ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ, ತೊಂದರೆ ಇರುವುದು ಕೈಯಲ್ಲಿ.

ಇನ್ನೊಂದು ವಿಷಯ. ನೋವು ಶುರುವಾದದ್ದು ಮಳೆಗಾಲದಲ್ಲಿ ಅಂದಿರಿ. ಮಳೆಗಾಲದಲ್ಲಿ ನೀವು ಎಷ್ಟು ದಿನ ಜಿಪ್ಸಿ ಓಡಿಸಿದಿರಿ, ಎಷ್ಟು ದಿನ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಹಿಡಿದು ಅಡಿಕೆಗೆ ಮದ್ದು ಬಿಟ್ಟಿರಿ? ಮರ ಹತ್ತುವವರು ಸಿಗದೆ ಈಗ ಎಲ್ಲರ ತೋಟದಲ್ಲೂ ದೋಟಿ. ನೆಲದಲ್ಲಿ ನಿಂತು ತಲೆ ಪೂರ್ತಿ ಹಿಂದಕ್ಕೆ ಬಾಗಿಸಿ, ಬಲಭುಜ ಎತ್ತಿ, ಅರವತ್ತು ಅಡಿ ಮೇಲಿನ ಗೊನೆ ನೋಡುತ್ತಾ ಗಂಟೆಗಟ್ಟಲೆ ಬೋರ್ಡೋ ಮದ್ದು ಸಿಂಪಡಿಸುವುದು. ಕುತ್ತಿಗೆ ಹಿಂದಕ್ಕೆ ಬಾಗಿದಾಗ ನರ ಹೊರಬರುವ ಕಿಂಡಿ ಇನ್ನೂ ಕಿರಿದಾಗುತ್ತದೆ. ನರ ಒತ್ತಿದೆಯಾ ಅಂತ ನೋಡಲು ನಾವು ಡಾಕ್ಟರುಗಳು ತಲೆಯನ್ನು ಬಾಗಿಸಿ ಒತ್ತುವುದೂ ಹೆಚ್ಚುಕಮ್ಮಿ ಅದೇ ಭಂಗಿಯಲ್ಲಿ. ಜಿಪ್ಸಿಯನ್ನು ಮೊದಲ ಆರೋಪಿ ಮಾಡುವ ಮುಂಚೆ ದೋಟಿಯನ್ನು ವಿಚಾರಿಸಿ. ಈ ವರ್ಷ ಮದ್ದು ಬಿಡುವ ಕೆಲಸವನ್ನು ಬೇರೆಯವರಿಗೆ ಕೊಡಿ. ಸಂಬಳ ಹೋಗುತ್ತದೆ, ನಿಜ. ಒಂದು ಸೆಟ್ ಟೈರಿಗಿಂತ ಜಾಸ್ತಿ ಆಗಲಿಕ್ಕಿಲ್ಲ.

ಹಾಗಂತ ರ‍್ಯಾಲಿ ಕುತ್ತಿಗೆಗೆ ಒಳ್ಳೆಯದು ಅಂತ ನಾನು ಹೇಳಲಾರೆ. ನಮ್ಮ ಕಡೆಯ ಮುರಕಲ್ಲಿನ ಪದವಿನಲ್ಲಿ (ಗಟ್ಟಿ ನೆಲದ ಬಯಲಿನಲ್ಲಿ) ಗಾಡಿ ಹಾರಿ ಬಿದ್ದರೆ ಒಂದೂವರೆ ಕಿಲೋ ಹೆಲ್ಮೆಟ್ ಹೊತ್ತ ತಲೆಯ ಭಾರವೆಲ್ಲ ಅದೇ ಡಿಸ್ಕಿನ ಮೇಲೆ. ಹೆಲ್ಮೆಟನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿ. ಹಳೆಯದಾಗಿದ್ದರೆ ಹಗುರವಾದದ್ದನ್ನು ಕೊಳ್ಳಿ. ಸೀಟು ಹತ್ತಿರ ಎಳೆಯಿರಿ. ಬೆನ್ನು, ಭುಜ ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ಹ್ಯಾನ್ಸ್, ಅಂದರೆ ಹೆಗಲ ಮೇಲೆ ಕೂತು ಹೆಲ್ಮೆಟ್ಟನ್ನು ಪಟ್ಟಿಯಿಂದ ಹಿಡಿದಿಡುವ ಸಾಧನ, ಹಾಕುವುದನ್ನು ಎಂದೂ ತಪ್ಪಿಸಬೇಡಿ. ಡಿಕ್ಕಿಯಾದಾಗ ತಲೆ ಮುಂದಕ್ಕೆ ಚಿಮ್ಮಿ ತಲೆಬುರುಡೆಯ ಬುಡ ಮುರಿಯದಂತೆ ತಡೆಯುವುದು ಅದೇ. 2003ರಲ್ಲಿ ಫಾರ್ಮುಲಾ ಒನ್ ಅದನ್ನು ಕಡ್ಡಾಯ ಮಾಡಿತು. ಆದರೆ ಗುಂಡಿಯ ಕುಲುಕಾಟಕ್ಕೆ ಹ್ಯಾನ್ಸ್ ಮದ್ದಲ್ಲ. ಅದಕ್ಕೆ ಬೇಕಾದದ್ದು ಕುತ್ತಿಗೆಯ ಸ್ನಾಯುವಿನ ಬಲ. ಅಂಗೈಯನ್ನು ಹಣೆಗೆ, ಕಿವಿಯ ಮೇಲೆ, ತಲೆಯ ಹಿಂದೆ ಇಟ್ಟು, ತಲೆ ಅಲುಗದಂತೆ ಒತ್ತಿ ಹಿಡಿಯುವ ವ್ಯಾಯಾಮಗಳಿವೆ. ಫಿಸಿಯೋಥೆರಪಿಯವರ ಹತ್ತಿರ ಒಮ್ಮೆ ಕಲಿತು ದಿನಾ ಮಾಡಿ.

ಕುತ್ತಿಗೆಯ ನರ ಒತ್ತಿದ ತೊಂದರೆ ಬಹಳ ಜನರಿಗೆ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಆಪರೇಶನ್ ಇಲ್ಲದೆ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸ್ಪರ್ಧೆ ಬೇಡ. ಜೋಮು ಹೋಗಿ, ಕೈಯ ಬಲ ಎರಡೂ ಕಡೆ ಒಂದೇ ಸಮ ಆದ ಮೇಲೆ, ಮೊದಲು ಪದವಿನಲ್ಲಿ ನಿಧಾನವಾಗಿ ಕೆಲವು ಸುತ್ತು ಹಾಕಿ. ಆ ರಾತ್ರಿ, ಮರುದಿನ ಕೈ ಹೇಗಿದೆ ನೋಡಿ. ಆಮೇಲೆ ವೇಗ. ಆದರೆ ಅಂಗಿಯ ಗುಂಡಿ ಹಾಕಲು ಕಷ್ಟ, ನಡಿಗೆ ತಡವರಿಸುವುದು, ತಲೆ ಬಗ್ಗಿಸಿದರೆ ಬೆನ್ನಿಗುಂಟ ಕರೆಂಟ್ ಹೊಡೆದಂತೆ ಆಗುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಒತ್ತಿರುವುದು ಬೆನ್ನುಹುರಿಯೇ ಇರಬಹುದು. ಆಗ ಈ ಸಲಹೆಯೆಲ್ಲ ರದ್ದು. ಗಾಡಿ ಮುಟ್ಟದೆ ತಕ್ಷಣ ಡಾಕ್ಟರನ್ನು ನೋಡಿ.

ಡ್ರೈವಿಂಗ್ ಬಿಟ್ಟು ಪಕ್ಕದ ಸೀಟಿಗೆ ಹೋದರೆ ಹೇಗೆ ಅಂತಲೂ ಪತ್ರದಲ್ಲಿ ಕೇಳಿದ್ದೀರಿ. ಕಾಸರಗೋಡಿನವರಿಗೆ ಆ ಆಸೆ ಸಹಜ. ಹೆಸರಾಂತ ಚಾಲಕ ಗೌರವ್ ಗಿಲ್ ಪಕ್ಕ ಕೂತು ರಾಷ್ಟ್ರೀಯ ಪಟ್ಟಗಳನ್ನು ಗೆದ್ದ ಮೂಸಾ ಶರೀಫ್ ನಮ್ಮ ಕಡೆಯವರೇ. ಆದರೆ ಕುತ್ತಿಗೆ ನೋವಿನವರಿಗೆ ಆ ಸೀಟು ಆರಾಮದ್ದಲ್ಲ. ಕೋ-ಡ್ರೈವರ್ ಸ್ಟೇಜ್ ಪೂರ್ತಿ ತಲೆ ತಗ್ಗಿಸಿ ನೋಟ್ಸ್ ಓದುತ್ತಿರುತ್ತಾರೆ, ಮುಂದಿನ ಗುಂಡಿ ಕಣ್ಣಿಗೆ ಕಾಣದೆ ಏಟು ತಿನ್ನುತ್ತಾರೆ. ಸ್ಟೀರಿಂಗ್ ಹಿಡಿದವರಿಗೆ ಕುಲುಕು ಬರುವ ಮುಂಚೆ ಮೈ ತಾನಾಗಿ ಬಿಗಿಯಾಗುತ್ತದೆ, ಇವರಿಗೆ ಆ ಅನುಕೂಲ ಇಲ್ಲ. ಈ ಸೀಸನ್ನಿಗೆ ಟಿಎಸ್‌ಡಿ ರ‍್ಯಾಲಿ ನೋಡಿ. ಅಲ್ಲಿ ಗೆಲ್ಲುವುದು ಹೇಳಿದ ಸರಾಸರಿ ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಕಾಪಾಡುವವರು. ಸಾದಾ ರಸ್ತೆ, ಸಾದಾ ವೇಗ, ಹೆಲ್ಮೆಟ್ಟಿನ ಭಾರ ಇಲ್ಲ. ಶುಗರ್‌ನ ನಿಯಮಗಳು ಮಾತ್ರ ಅಲ್ಲೂ ಅವೇ.

ರೇಸ್ ಲೈಸೆನ್ಸಿನ ಮೆಡಿಕಲ್ ಫಾರಂ ಬಗ್ಗೆ ನೀವು ಬರೆದದ್ದು ನನಗೆ ಇಷ್ಟವಾಗಲಿಲ್ಲ. ‘ಶುಗರ್ ಕಾಲಂ ಖಾಲಿ ಬಿಟ್ಟರೆ ಆಯಿತು’ ಅಂತ ಸ್ನೇಹಿತರು ಹೇಳಿದರಂತೆ. ಬಿಡಬೇಡಿ. ಆ ಫಾರಂ ನಿಮ್ಮನ್ನು ಹೊರಗಿಡಲು ಇರುವುದಲ್ಲ. ಉರುಳಿದ ಗಾಡಿಯಿಂದ ನಿಮ್ಮನ್ನು ಎಳೆದು ತೆಗೆಯುವ ಡಾಕ್ಟರಿಗೆ ‘ಇವರಿಗೆ ಶುಗರ್ ಇದೆ’ ಅಂತ ಗೊತ್ತಿರಬೇಕು. ಕಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮಗಳಲ್ಲಿ ಶುಗರ್ ಇದ್ದವರಿಗೆ ಬಾಗಿಲು ಮುಚ್ಚಿಲ್ಲ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ತೆಗೆದುಕೊಳ್ಳುವವರು ಸರಿಯಾಗಿ ಚಿಕಿತ್ಸೆಯಲ್ಲಿದ್ದಾರೆ ಅನ್ನುವ ದಾಖಲೆ ಕೇಳುತ್ತದೆ, ಅಷ್ಟೇ. ಇನ್ನೊಂದು ತೊಡಕು ನಿಮ್ಮ ಬಿಪಿ ಮಾತ್ರೆಗಳದ್ದು. ಬೀಟಾ ಬ್ಲಾಕರ್ ಕೈ ನಡುಕ ತಗ್ಗಿಸುತ್ತದೆ ಅಂತ ಕಾರ್ ರೇಸಿನಲ್ಲಿ ಸ್ಪರ್ಧೆಯ ವೇಳೆ ನಿಷೇಧ ಇದೆ. ಹೈಡ್ರೋಕ್ಲೋರೋಥಯಾಝೈಡ್ ಥರದ ಮೂತ್ರದ ಮದ್ದು ಎಲ್ಲ ಆಟದಲ್ಲೂ ನಿಷೇಧಿತ ಪಟ್ಟಿಯಲ್ಲಿದೆ. ಬೇರೆ ಮಾತ್ರೆಗೆ ಬದಲಾಗುತ್ತದಾ, ಇಲ್ಲ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಬೇಕಾ ಅಂತ ಡಾಕ್ಟರ ಜೊತೆ ಕೂತು ನೋಡಿ. ನಿಮಗಂತೂ ಬದಲಾದರೆ ಎಲ್ಲ ಕಡೆಯಿಂದಲೂ ಲಾಭ.

ಮನೆಯ ಜಗಳಕ್ಕೆ ನನ್ನಲ್ಲಿ ಮದ್ದಿಲ್ಲ. ಆದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರನ್ನು ಒಪ್ಪಿಸುವುದಕ್ಕೆ ಅಂತ ಅಲ್ಲ. ನೀವು ಬೆಳಗಿನ ಜಾವ ಬನಿಯನ್ ಒದ್ದೆಯಾಗುವಷ್ಟು ಬೆವರುತ್ತೀರಾ, ನಿದ್ದೆಯಲ್ಲಿ ಬಡಬಡಿಸುತ್ತೀರಾ, ಎದ್ದಾಗ ತಲೆನೋವು ಅನ್ನುತ್ತೀರಾ ಅಂತ ಹೇಳಬಲ್ಲವರು ಅವರೊಬ್ಬರೇ. ಹೌದು ಅಂದರೆ ರಾತ್ರಿಯೂ ಶುಗರ್ ಇಳಿಯುತ್ತಿದೆ ಅನ್ನುವ ಅನುಮಾನ ಬಲವಾಗುತ್ತದೆ. ಜಿಪ್ಸಿ ಮಾರುವ ಮಾತು ಸದ್ಯಕ್ಕೆ ಇಬ್ಬರೂ ಎತ್ತಬೇಡಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಾತಾಡಿದರಾಯಿತು.

ಇನ್ನು ಭಾವ. ಅವರಿಗೆ ಈ ವಿಷಯ ಏನೂ ಹೇಳಿಲ್ಲ ಅಂತ ಕಾಣುತ್ತದೆ. ಇವತ್ತೇ ಹೇಳಿ. ಗ್ಲೂಕೋಸ್ ಬಾಟಲಿ ಎಲ್ಲಿದೆ, ಬೆಲ್ಟ್ ಬಿಚ್ಚದೆ ಅವರ ಕೈಗೆ ಎಟುಕುತ್ತದಾ ಅಂತ ಇಬ್ಬರೂ ಕೂತು ನೋಡಿ. ಪ್ರತಿ ಸ್ಟೇಜಿನ ಮುಂಚೆ ಮೀಟರಿನ ಅಂಕಿಯನ್ನು ಅವರೇ ಓದಿ ನೋಟ್ಸಿನ ಮೂಲೆಯಲ್ಲಿ ಬರೆದುಕೊಳ್ಳಲಿ. ನಿಮ್ಮ ಮಾತು ತಡವರಿಸಿದರೆ, ಸುಮ್ಮಸುಮ್ಮನೆ ರೇಗಿದರೆ, ಓಡಿಸುವುದು ಬೇಡ ಅನ್ನುವ ಹಕ್ಕು ಅವರಿಗಿರಲಿ. ಅವರು ಬೇಡ ಅಂದ ದಿನ ವಾದ ಮಾಡಬೇಡಿ, ಟೈಮ್ ಕಾರ್ಡ್ ವಾಪಸ್ ಕೊಟ್ಟು ಬನ್ನಿ.